ಒಗೆಯದೆ ಕಳಿಸಿದ ಸೀರೆ

ಮೊನ್ನೆ ಭಾನುವಾರ ಚನ್ನರಾಯಪಟ್ಟಣದ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರು ನಮ್ಮೂರ ಗೇಟಿನಲ್ಲಿ ಒಂದು ಬಟ್ಟೆಚೀಲ ಇಳಿಸಿ ಹೋದರು. ನನ್ನ ನಾದಿನಿ ಸುಶೀಲ ಕಳಿಸಿದ್ದು. ಬಿಚ್ಚಿ ನೋಡಿದರೆ ಒಂದು ಹಳೆಯ ಹಸಿರು ಸೀರೆ. ಅಚ್ಚುಕಟ್ಟಾಗಿ ಮಡಿಚಿತ್ತು, ಆದರೆ ಒಗೆದಿರಲಿಲ್ಲ. ಮೂಗಿನ ಹತ್ತಿರ ತಂದೆ. ಗಂಜಲ, ಹಿಂಡಿ, ಹಸಿ ಹುಲ್ಲು, ಹಾಲು, ಇವೆಲ್ಲದರ ಅಡಿಯಲ್ಲಿ ಎಲ್ಲೋ ಸುಶೀಲಳ ಕೊಬ್ಬರಿ ಎಣ್ಣೆ. ಬೇರೆ ಯಾರ ಮನೆಗಾದರೂ ನಾದಿನಿ ಇಂಥ ಸೀರೆ ಕಳಿಸಿದ್ದರೆ ಎರಡು ಮನೆಗೂ ಮಾತು ನಿಂತುಹೋಗುತ್ತಿತ್ತು. ನಾನು ಮಾತ್ರ ಅದನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕುಳಿತು ಒಬ್ಬಳೇ ನಗತೊಡಗಿದೆ.

"ಏನಂತೆ?" ಎಂದರು ನಮ್ಮ ಮನೆಯವರು ಒಳಗಿನಿಂದ.

"ಸುಶೀಲ ಮಗೀನ್ ಕರ್ಕಂಡು ಮೈಸೂರ್ಗೆ ಒಂಟವಳೆ" ಎಂದೆ. ಅವರೂ ನಕ್ಕರು. ನಿಮಗೂ ನಗು ಬರಬೇಕಾದರೆ ಎಂಟು ವರ್ಷ ಹಿಂದಕ್ಕೆ ನನ್ನ ಜೊತೆ ಬರಬೇಕು. ಬನ್ನಿ, ದೂರವೇನಿಲ್ಲ.

ನಮ್ಮೂರು ಹೊಳೆನರಸೀಪುರದ ಮಗ್ಗುಲಿಗಿದೆ. ನಮ್ಮ ಗದ್ದೆಯ ಕೊನೆಯ ಬದುವಿನಾಚೆಯೇ ಹಾಸನದಿಂದ ಮೈಸೂರಿಗೆ ಹೋಗುವ ರೈಲು ಹಾಯುತ್ತದೆ. ನನ್ನ ಮಕ್ಕಳು ಚಂದನ ಮತ್ತು ಮನು ನಡೆಯಲು ಕಲಿತ ದಿನದಿಂದ ಆ ಬದುವಿನ ಮೇಲೆ ನಿಂತು ರೈಲಿಗೆ ಕೈ ಬೀಸಿದವರು. ಕಿಟಕಿಯಲ್ಲಿ ಕುಳಿತ ಯಾರಾದರೂ ತಿರುಗಿ ಕೈ ಬೀಸಿದರೆ ಆ ದಿನ ಇಬ್ಬರೂ ಒಂದೊಂದು ರೊಟ್ಟಿ ಹೆಚ್ಚು ತಿನ್ನುತ್ತಿದ್ದರು. ಆದರೆ ಆ ರೈಲಿನೊಳಗೆ ಒಂದು ಸಲವೂ ಕುಳಿತಿರಲಿಲ್ಲ. ಅವಳಿಗೆ ಹನ್ನೆರಡು ತುಂಬಿತ್ತು, ಅವನಿಗೆ ಹತ್ತು. ರಜೆ ಬಂತೆಂದರೆ ಗೊರೂರು ಅಣೆಕಟ್ಟು. ಅದೂ ಬೆಳಿಗ್ಗೆ ಹೋಗಿ ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸ್.

ನಮ್ಮ ಕಡೆ ಪೇಟೆಗೆ ಹೋಗಲು ಒಂದು ಕಾರಣ ಬೇಕು, ನೋಡಿ. ಅರಕಲಗೂಡಿನ ಹತ್ತಿರದ ತವರಿನಲ್ಲಿ ನನ್ನನ್ನು ಬೆಳೆಸಿದ್ದು ನಮ್ಮಜ್ಜಿ. ಈಗಲೂ ನನ್ನ ಬಾಯಿಂದ ಬರುವ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ಅವಳದೇ. ಎಂಬತ್ತು ದಾಟಿ ಬದುಕಿದ ಆ ಜೀವ ಹಾಸನ ನೋಡಿದ್ದು ಎರಡೇ ಸಲ: ಒಮ್ಮೆ ಹಲ್ಲು ಕೀಳಿಸಲು, ಇನ್ನೊಮ್ಮೆ ಯಾರದೋ ಜಮೀನಿನ ವ್ಯಾಜ್ಯದಲ್ಲಿ ಸಾಕ್ಷಿ ಹೇಳಲು. "ಆಸನ ಎಂಗೈತಜ್ಜಿ?" ಎಂದು ಕೇಳಿದರೆ, "ಏನೈತವ್ವ ಅಲ್ಲಿ? ಒಂದು ನೋವು, ಒಂದು ಸುಳ್ಳು" ಎನ್ನುತ್ತಿದ್ದಳು. ಆಸ್ಪತ್ರೆ, ಕೋರ್ಟು, ಮದುವೆ, ಹರಕೆ. ಇವುಗಳಲ್ಲಿ ಒಂದೂ ಇಲ್ಲದೆ, ನೆಂಟರ ಮನೆಯೂ ಇಲ್ಲದ ಊರಿನಲ್ಲಿ ಸುಮ್ಮನೆ ಉಳಿದು ಬರುವುದೆಂದರೆ ನಮ್ಮವರಿಗೆ ಅದು ವಾಕ್ಯವೇ ಪೂರ್ತಿಯಾಗದಂತೆ.

ಇದು ಎಲ್ಲರಿಗೂ ಇದ್ದ ಅಡ್ಡಿ. ನನಗೊಬ್ಬಳಿಗೇ ಇದ್ದ ಅಡ್ಡಿಯ ಹೆಸರು ಚುಕ್ಕಿ.

ಚುಕ್ಕಿ ನಮ್ಮ ಹಸು. ಹುಟ್ಟಿದ ವಾರಕ್ಕೇ ತಾಯಿಯನ್ನು ಕಳೆದುಕೊಂಡಿದ್ದಳು. ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದವಳು ನಾನು. ದೊಡ್ಡವಳಾಗಿ ಕರು ಹಾಕಿದ ಮೇಲೆ ನನ್ನೊಬ್ಬಳ ಕೈಗೆ ಬಿಟ್ಟು ಇನ್ನೊಬ್ಬರ ಕೈಗೆ ಹಾಲು ಕೊಡಲಿಲ್ಲ. ನಮ್ಮ ಮನೆಯವರು ಒಮ್ಮೆ ಪ್ರಯತ್ನಿಸಿದರು. ಪಾತ್ರೆ ಒಂದು ಕಡೆ, ಅವರು ಒಂದು ಕಡೆ. ಹೀಗಾಗಿ ಐದು ವರ್ಷ ನಾನು ಒಂದು ರಾತ್ರಿಯೂ ಮನೆಯಿಂದ ಆಚೆ ಮಲಗಿದವಳಲ್ಲ. ಸ್ವಂತ ತಂಗಿಯ ಮದುವೆಗೆ ಹೋದಾಗಲೂ ಧಾರೆ ಮುಗಿದದ್ದೇ ತಡ, ಎಲೆಯ ಮೇಲಿನ ಹೋಳಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಸ್ಸು ಹತ್ತಿದ್ದೆ. "ನಾನಿಲ್ದಿದ್ರೆ ಅದು ಆಲೇ ಕೊಡಲ್ಲ, ಏನ್ ಮಾಡನ ಯೋಳಿ" ಎಂದು ಸಿಕ್ಕಿದವರಿಗೆಲ್ಲ ದೂರಿಕೊಳ್ಳುತ್ತಿದ್ದೆ. ದೂರು ಎಂದೇ ನಾನೂ ತಿಳಿದಿದ್ದೆ.

ಆ ವರ್ಷ ಶಾಲೆಯಲ್ಲಿ ಪೋಷಕರ ಸಭೆಗೆ ಕರೆದರು. ಚಂದನಳ ಕನ್ನಡ ಮೇಡಂ ನನ್ನನ್ನು ನೋಡಿದೊಡನೆ ಮುಖ ಅರಳಿಸಿ, "ಏನಮ್ಮ, ಮೂರು ದಿನ ಮೈಸೂರೆಲ್ಲ ಸುತ್ತಾಡ್ಕೊಂಡು ಬಂದ್ರಂತೆ! ಜಿರಾಫೆ ನೋಡಿ ನೀವು ನಕ್ಕಿದ್ದೇ ನಕ್ಕಿದ್ದಂತೆ? ನಿಮ್ಮ ಮಗಳ ಪ್ರಬಂಧ ಎಲ್ಲರ ಮುಂದೆ ಓದಿಸಿದೆ" ಎಂದರು.

ಮನುವಿನ ಪಾಠಪುಸ್ತಕದ ಚಿತ್ರದಲ್ಲಲ್ಲದೆ ನಾನು ಜಿರಾಫೆಯನ್ನು ಕಂಡವಳಲ್ಲ. ತಿರುಗಿ ನೋಡಿದೆ. ಚಂದನ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಆ ಕಣ್ಣು ನೋಡಿದ ಯಾವ ತಾಯಿಗೂ ನಿಜ ಹೇಳಲು ಬರುವುದಿಲ್ಲ.

"ಊಂ ಮೇಡಂ," ಎಂದೆ, "ಬಾಳ ಉದ್ದ ಇತ್ತು."

ಮನೆಗೆ ಬರುವ ದಾರಿಯಲ್ಲಿ ಕಾಲುವೆ ದಾಟಿದ ಮೇಲೆ ಅವಳೇ ಚೀಲದಿಂದ ನೋಟ್‌ಬುಕ್ ತೆಗೆದು ನನ್ನ ಕೈಗಿಟ್ಟಳು. 'ನಾನು ರಜೆಯನ್ನು ಕಳೆದ ಬಗೆ.' ಅರಮನೆ, ದೀಪ, ಹೋಟೆಲಿನ ಮಸಾಲೆ ದೋಸೆ, ಎಲ್ಲವೂ ಗೆಳತಿಯರ ಬಾಯಿಂದ ಕೇಳಿ ಹೊಲಿದದ್ದು. ಓದುತ್ತ ನಗು ಬಂತು. ಆಮೇಲೆ ಈ ಸಾಲುಗಳು ಬಂದವು: "ಮೂರು ದಿನವೂ ನಮ್ಮ ಅಮ್ಮ ನಮ್ಮ ಜೊತೆಯಲ್ಲೇ ಇದ್ದರು. ಸಂಜೆ ಐದು ಗಂಟೆಯಾದರೂ ಅವರು ಎದ್ದು ಹೋಗಲಿಲ್ಲ. ಜಿರಾಫೆಯನ್ನು ನೋಡಿ ಅವರು ತುಂಬಾ ನಕ್ಕರು." ಪಕ್ಕದಲ್ಲಿ ಮೇಡಂ ಕೆಂಪು ಶಾಯಿಯಲ್ಲಿ 'ಉತ್ತಮ' ಎಂದು ಬರೆದಿದ್ದರು.

"ಬಯ್ಯಲ್ವಾ?" ಎಂದಳು.

"ನಾನೂ ಸುಳ್ ಯೋಳಿವ್ನಲ್ಲ, ಯಾವ್ ಬಾಯಲ್ಲಿ ಬಯ್ಲಿ?" ಎಂದೆ. "ಪರೀಕ್ಷೆ ಮುಗೀಲಿ. ಓಗಣ. ನೀನ್ ಬರ್ದಿರೋದ್ನೆಲ್ಲ ಸಾಲಾಗಿ ಮಾಡ್ಕಂಬರನ."

ಮಾತು ಕೊಟ್ಟಾಯಿತು. ನಮ್ಮ ಮನೆಯವರು ಕೇಳಿ, "ಚುಕ್ಕೀದೇನಾದ್ರೂ ಯೋಚ್ನೆ ಇದ್ರೆ ನಾನೇ ಇಬ್ರನ್ನೂ ಕರ್ಕಂಡೋಗ್ತೀನಿ, ನೀನ್ ಮನೇಲಿರು" ಎಂದರು. ಚಂದನ ಅಡ್ಡಡ್ಡ ತಲೆಯಾಡಿಸಿದಳು. "ಆಗಲ್ಲಪ್ಪ. ನಾನು ಅಮ್ಮಂದು ಬರ್ದಿದೀನಿ."

ಹಾಗಾಗಿ ಆ ನೋಟ್‌ಬುಕ್ಕೇ ನಮ್ಮ ಪ್ರವಾಸದ ನಕ್ಷೆಯಾಯಿತು. ನಮ್ಮ ಮನೆಯವರು ಅದನ್ನು ಎದುರಿಗಿಟ್ಟುಕೊಂಡು, ಕಾಲುವೆ ನೀರಿನ ಸರದಿ ಬರೆಯುವ ಗಾಂಭೀರ್ಯದಲ್ಲಿ ಗಂಟೆವಾರು ಪಟ್ಟಿ ಹಾಕಿದರು. ಮೊದಲ ದಿನ ಬೆಳಿಗ್ಗೆ ಆರಕ್ಕೆ 'ಏಳುವುದು'. ಎರಡನೆಯ ದಿನ ಏಳಕ್ಕೆ 'ಗದ್ದೆಗೆ ಹೋಗಿ ಬರುವುದು'. ಮನು ಅದನ್ನು ತೋರಿಸಿ ಬಿದ್ದು ಬಿದ್ದು ನಕ್ಕ. "ಅಪ್ಪ, ಮೈಸೂರಲ್ಲಿ ಯಾರ್ ಗದ್ದೆಗೋಗ್ತೀಯಪ್ಪ?" ಕೈ ತನ್ನಷ್ಟಕ್ಕೆ ಬರೆದಿತ್ತು ಪಾಪ.

ನಾನೇನು ಕಡಿಮೆ? ಮೈಸೂರಿನಲ್ಲಿ ಅನ್ನವೇ ಸಿಗುವುದಿಲ್ಲ ಎಂಬಂತೆ ನಿಪ್ಪಟ್ಟು, ಚಟ್ನಿಪುಡಿ, ಎರಡು ಡಬ್ಬಿ ಚಿತ್ರಾನ್ನದ ಗೊಜ್ಜು ಕಟ್ಟಿದೆ. ಅದರ ಜೊತೆ ನಾಲ್ಕು ತೆಂಗಿನಕಾಯಿ. "ಕಾಯಿ ಯಾರ್ಗೆ?" ಎಂದರು ಇವರು. "ಇನ್ನೊಬ್ರ ಊರಿಗೆ ಬರಿಗೈಲಿ ಓಗಕಾಯ್ತದಾ?" ಎಂದೆ. "ಅಲ್ಲಿ ನಮ್ಗೆ ಯಾರೂ ಇಲ್ವಲ್ಲೇ!" "ಮಲಗಕ್ಕೆ ಜಾಗ ಕೊಡೋರು ಯಾರೋ ಇರ್ತಾರಲ್ಲ." ಲಾಡ್ಜ್ ಎಂಬ ಪದ ನನ್ನ ತಲೆಗೆ ಇನ್ನೂ ಇಳಿದಿರಲಿಲ್ಲ.

ಡೇರಿಯಲ್ಲಿ ಹಾಲು ಹಾಕುವ ಸಾಲಿನಲ್ಲಿ ಪಕ್ಕದ ಮನೆಯ ಪುಟ್ಟಮ್ಮ ಹಿಡಿದುಕೊಂಡಳು. "ಮೂರ್ ದಿನ ಮೈಸೂರಂತೆ? ಯಾರ್ಗವ್ವ ಉಸಾರಿಲ್ಲ?"

"ಯಾರ್ಗೂ ಏನೂ ಆಗಿಲ್ಲ ಕಣಕ್ಕ. ಸುಮ್ಕೆ ಓಯ್ತಿದೀವಿ."

"ಸುಮ್ಕೆ ಯಾರಾದ್ರೂ ಓದಾರಾ?" ಪುಟ್ಟಮ್ಮ ದನಿ ತಗ್ಗಿಸಿದಳು. "ಯೋಳ್ಬಾರ್ದಂಗಿದ್ರೆ ಬುಡವ್ವ. ದ್ಯಾವ್ರವ್ನೆ."

ಸಂಜೆಯ ಹೊತ್ತಿಗೆ ಎಳನೀರು, ಬನ್ನು, ಮೋಸಂಬಿ ಹಿಡಿದು ಮೂರು ಮನೆಯವರು ಬಂದರು. ನಮ್ಮಿಬ್ಬರಲ್ಲಿ ರೋಗಿ ಯಾರೆಂದು ತೀರ್ಮಾನಿಸಲಾಗದೆ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿ ನಿಟ್ಟುಸಿರು ಬಿಟ್ಟರು. ನಮ್ಮ ಮನೆಯವರು ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಸೋತು, "ಆಯ್ತು, ಉಸಾರಾಗಿ ಬತ್ತೀವಿ" ಎಂದು ಎಳನೀರು ಕುಡಿದರು.

ಚುಕ್ಕಿಗೆ ಉಪಾಯ ಹೇಳಿದ್ದು ಸುಶೀಲ. ನಮ್ಮ ಮನೆಯವರ ತಂಗಿ, ಚನ್ನರಾಯಪಟ್ಟಣದ ಸೊಸೆ. "ಅತ್ಗೆ, ನಿನ್ ಸೀರೆ ಕೊಡು, ನಾನುಟ್ಕಂಡು ಕರೀತೀನಿ. ಅಸ ಮಕ ನೋಡಲ್ಲ, ವಾಸ್ನೆ ನೋಡ್ತದೆ" ಎಂದು ಫೋನಿನಲ್ಲೇ ಧೈರ್ಯ ಕೊಟ್ಟಿದ್ದಳು. ಹೊರಡುವ ಹಿಂದಿನ ದಿನ ಮಧ್ಯಾಹ್ನ ಎರಡು ವರ್ಷದ ಮಗನನ್ನು ಕಂಕುಳಲ್ಲಿಟ್ಟುಕೊಂಡು ಬಂದಿಳಿದಳು.

ಸಂಜೆ ಐದಕ್ಕೆ ಪರೀಕ್ಷೆ. ಸುಶೀಲ ನನ್ನ ನೀಲಿ ಸೀರೆ ಉಟ್ಟು, ನನ್ನ ಹಾಗೆಯೇ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಚುಕ್ಕೀ, ಬಾವ್ವ" ಎನ್ನುತ್ತ ಕುಳಿತಳು. ಚುಕ್ಕಿ ಕತ್ತು ತಿರುಗಿಸಿ ಮೂಸಿದಳು. ಕಿವಿ ಹಿಂದಕ್ಕೆ ಹೋಯಿತು. ಮುಂದಿನದು ನನಗೆ ಕಂಡದ್ದು ಗಾಳಿಯಲ್ಲಿ ಹಾರಿದ ಪಾತ್ರೆ. ಎರಡನೆಯ ಸಲ ಕುಳಿತಾಗ ಒದೆಯಲಿಲ್ಲ, ಆದರೆ ಹಾಲನ್ನು ಮೇಲಕ್ಕೆ ಎಳೆದುಕೊಂಡುಬಿಟ್ಟಳು, ಹಿಂಡಿದರೆ ಒಂದು ತೊಟ್ಟೂ ಇಲ್ಲ. ಕೊನೆಗೆ ನಾನೇ ಕುಳಿತೆ. ಜಡಿಮಳೆಯಂತೆ ಕೊಟ್ಟಳು.

ಕೈ ತೊಳೆದು ಒಳಗೆ ಬಂದು ಹೇಳಿದೆ: "ನೀವ್ ಮೂರ್ ಜನ ಓಗ್ಬನ್ನಿ. ನನ್ ಕೈಲಾಗಲ್ಲ."

ಚಂದನ ಅಳಲಿಲ್ಲ, ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ನಡುಮನೆಯ ಕಿಟಕಿಯ ಬೆಳಕಿಗೆ ನೋಟ್‌ಬುಕ್ ಬಿಡಿಸಿ, ಸ್ಕೇಲು ಇಟ್ಟು, ಒಂದು ಸಾಲನ್ನು ನೀಟಾಗಿ ಹೊಡೆದು ಹಾಕಿದಳು. ಬಗ್ಗಿ ನೋಡಿದೆ. "ಮೂರು ದಿನವೂ ನಮ್ಮ ಅಮ್ಮ ನಮ್ಮ ಜೊತೆಯಲ್ಲೇ ಇದ್ದರು." ಇನ್ನೊಂದು ಸಾಲಿನ ಮೇಲೆ ಸ್ಕೇಲು ಇಡುತ್ತಿದ್ದಳು.

ಅಷ್ಟರಲ್ಲಿ ಸುಶೀಲ ತನ್ನ ಮೈಮೇಲಿನ ಸೆರಗನ್ನು ಮೂಗಿಗೆ ಹಿಡಿದು ನಿಂತಿದ್ದವಳು, "ಅತ್ಗೆ, ಇದ್ಯಾಕಿಂಗೆ ಗಮ್ ಅಂತೈತೆ?" ಎಂದಳು.

"ಸೋಪಿನ ಪುಡೀಲಿ ನೆನ್ಸಿ ಒಗ್ದು, ಬಿಸ್ಲಲ್ಲಿ ಒಣಾಕಿ ಕೊಟ್ಟಿವ್ನಿ ಕಣವ್ವ."

"ಒಗ್ದಾ! ಯಾಕೊಗ್ದೆ?"

ಯಾಕೆ ಒಗೆದೆ? ಇದೆಂಥ ಪ್ರಶ್ನೆ? ಹುಟ್ಟಿದ ಮನೆಗೆ ಬಂದ ಹೆಣ್ಣುಮಗಳಿಗೆ ಉಟ್ಟು ಬಿಚ್ಚಿದ ಸೀರೆ ಕೊಡುವುದುಂಟೆ? ನಮ್ಮಜ್ಜಿ ಇದ್ದಿದ್ದರೆ ನನ್ನ ಕೈ ಮುರಿಯುತ್ತಿದ್ದಳು. ಒಗೆದು, ಮಡಿಸಿ, ಮೇಲೊಂದು ಹೂವಿಟ್ಟು ಕೊಟ್ಟಿದ್ದೆ ನಾನು. "ಮನೆಮಗ್ಳಿಗೆ ಕೊಳೆ ಸೀರೆ ಕೊಡ್ಲಾ?" ಎಂದೆ.

"ಅಯ್ಯೋ, ನಿನ್ ಮರ್ವಾದಿಗಷ್ಟು ಬೆಂಕಿ ಆಕ!" ಸುಶೀಲ ಸೊಂಟದ ಮೇಲೆ ಕೈಯಿಟ್ಟಳು. "ನಾನಿಲ್ಲಿ ನಾದ್ನಿ ಆಗಕ್ಕೆ ಬಂದಿಲ್ಲ ಕಣತ್ಗೆ, ನೀನಾಗಕ್ಕೆ ಬಂದಿವ್ನಿ. ಬುಚ್ಚು. ಈಗುಟ್ಟಿದೀಯಲ್ಲ, ಅದನ್ನ ಬುಚ್ಚು!"

ಬಿಚ್ಚಿಕೊಟ್ಟೆ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಮರುದಿನ ಬೆಳಿಗ್ಗೆ ಸುಶೀಲ ನನ್ನ ಆ ಕೊಳೆ ಸೀರೆಯಲ್ಲಿ ಕೊಟ್ಟಿಗೆಗೆ ಹೋದಳು. ನಾನು ಬಾಗಿಲ ಮರೆಯಲ್ಲಿ ಉಸಿರು ಹಿಡಿದು ನಿಂತೆ. "ಚುಕ್ಕೀ, ಬಾವ್ವ." ಮೂಸುವ ಸದ್ದು. ಒಂದು ಉದ್ದನೆಯ ನಿಟ್ಟುಸಿರು, ಹಸುವಿನದು. ಆಮೇಲೆ ಪಾತ್ರೆಯ ತಳಕ್ಕೆ ಚೊಯ್ ಎಂದು ಮೊದಲ ಧಾರೆ.

ನಿಮ್ಮೆದುರು ಸುಳ್ಳೇಕೆ? ಆಗ ಸಂತೋಷಕ್ಕಿಂತ ಮೊದಲು ಎದೆಯಲ್ಲಿ ಚುಳ್ಳೆಂದಿತು. ಇಷ್ಟೇನಾ? ಒಂದು ಸೀರೆಯಷ್ಟೇನಾ ನಾನು? ಐದು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದು ದೂರಲ್ಲ, ಹೆಮ್ಮೆ ಎಂದು ಆ ಬಾಗಿಲ ಮರೆಯಲ್ಲಿ ನನಗೇ ತಿಳಿಯಿತು. ಯಾರಿಗೂ ಹೇಳಲಿಲ್ಲ, ಈಗ ನಿಮಗೆ ಹೇಳುತ್ತಿದ್ದೇನೆ.

ರೈಲು ಹೊಳೆನರಸೀಪುರ ಬಿಟ್ಟು ನಮ್ಮ ಗದ್ದೆಯ ಹತ್ತಿರ ಬಂದಾಗ ಮಕ್ಕಳಿಬ್ಬರೂ ಕಿಟಕಿಗೆ ಮುಖ ಒತ್ತಿದ್ದರು. ಬದುವಿನ ಮೇಲೆ ಸುಶೀಲ, ಮಗನನ್ನು ಎತ್ತಿಕೊಂಡು ಕೈ ಬೀಸುತ್ತಿದ್ದಳು. ನನ್ನ ಸೀರೆ, ನನ್ನ ಸೆರಗಿನ ಕಟ್ಟು. ನಾನೇ ಅಲ್ಲಿ ನಿಂತು, ಹೋಗಿ ಬಾ ಎಂದು ನನ್ನನ್ನು ಕಳಿಸಿಕೊಡುತ್ತಿರುವಂತಿತ್ತು. ನಾನೂ ಕೈ ಬೀಸಿದೆ. ಗದ್ದೆ ಮರೆಯಾದ ಮೇಲೂ ಬೀಸುತ್ತಿದ್ದೆನಂತೆ. ಎದುರು ಸೀಟಿನವರು ನಕ್ಕರೆಂದು ಮನು ಈಗಲೂ ಆಡಿಕೊಳ್ಳುತ್ತಾನೆ.

ಲಾಡ್ಜಿನ ಮೇಜಿನ ಹಿಂದಿದ್ದ ಮ್ಯಾನೇಜರು ಹೆಸರು ಬರೆಯಿರಿ ಎಂದು ಪುಸ್ತಕ ಮುಂದೆ ತಳ್ಳಿದರು. ನಾನು ಅದರ ಮೇಲೆ ನಾಲ್ಕು ತೆಂಗಿನಕಾಯಿ ಇಟ್ಟೆ. ಆತ ಕಾಯಿಯನ್ನೂ ನಮ್ಮನ್ನೂ ನೋಡಿ, "ಇಲ್ಲಿ ಪೂಜೆ ಗೀಜೆ ಮಾಡೋ ಹಂಗಿಲ್ಲ ಮೇಡಂ" ಎಂದರು. ಮಲಗಲು ಜಾಗ ಕೊಡುವವರ ಮನೆಗೆಂದು ತಂದದ್ದು ಎಂದು ತಿಳಿದ ಮೇಲೆ ಕಾಯಿಗಳನ್ನು ಜೋಪಾನವಾಗಿ ಒಳಗಿಟ್ಟರು. ಆಮೇಲೆ ಕಿಟಕಿಯಿಂದ ಅರಮನೆಯ ಗೋಪುರ ಕಾಣುವ ಕೋಣೆಯ ಬೀಗದಕೈ ಹುಡುಕಿ ಕೊಟ್ಟರು. ಮೂರು ದಿನವೂ ನನ್ನನ್ನು "ಅಕ್ಕ" ಎಂದೇ ಕರೆದರು.

ಅರಮನೆ, ದೋಸೆ, ಎಲ್ಲವನ್ನೂ ಚಂದನ ಬರೆದ ಸಾಲಿನಲ್ಲೇ ಮುಗಿಸಿದೆವು. ಮೃಗಾಲಯ ಎರಡನೆಯ ದಿನ. ಜಿರಾಫೆಯ ಮುಂದೆ ನಿಂತಾಗ ಐದು ದಾಟಿ ಸ್ವಲ್ಪ ಹೊತ್ತಾಗಿತ್ತು. ನನ್ನ ಬೆರಳುಗಳಿಗೆ ಗಡಿಯಾರ ಬೇಕಿಲ್ಲ. ಆ ಹೊತ್ತಿಗೆ ತಾವೇ ಮಡಿಚಿಕೊಳ್ಳತೊಡಗುತ್ತವೆ. ಚಂದನ ಜಿರಾಫೆಯನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ನಾನು ನಗಬೇಕಿತ್ತಲ್ಲ! ನಗು ಎಂದರೆ ಹಾಗೆ ಬರುತ್ತದೆಯೇ? ಸೊಪ್ಪು ಮೆಲುಕು ಹಾಕುತ್ತ ಆ ಪ್ರಾಣಿ ಮೇಲಿಂದ ನನ್ನನ್ನು ನೋಡಿತು. ಅದೇ ಉದ್ದನೆಯ ರೆಪ್ಪೆ, ಅದೇ ಅಡ್ಡ ದವಡೆ, ಅದೇ ಉದಾಸೀನ. ನಮ್ಮ ಚುಕ್ಕಿಯನ್ನೇ ಯಾರೋ ಎಳೆದು ಉದ್ದ ಮಾಡಿದಂತಿತ್ತು.

ನನಗರಿವಿಲ್ಲದೆ ಬಾಯಿಂದ ಬಂತು: "ಅಯ್ಯೋ ಸಿವನೇ, ಇದ್ರ ಆಲ್ ಕರೀಬೇಕಾದ್ರೆ ಏಣಿ ಆಕ್ಬೇಕಲ್ಲಪ್ಪೋ!"

ಮೊದಲು ನಕ್ಕಿದ್ದು ನಮ್ಮ ಮನೆಯವರು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಯಾರೋ. ಆಮೇಲೆ ನಾನು, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ನಡುವೆ ಸುಶೀಲಳ ಫೋನು ಬಂತು. "ಕೊಟ್ಳು ಕಣತ್ಗೆ, ತುಂಬ್ಕೊಟ್ಳು" ಎಂದಳು. ನಗುತ್ತಲೇ "ಊಂ" ಎಂದೆ. ಈ ಸಲ ಎದೆ ಚುಳ್ಳೆನ್ನಲಿಲ್ಲವೋ, ನಗುವಿನಲ್ಲಿ ಗೊತ್ತಾಗಲಿಲ್ಲವೋ.

"ಅಮ್ಮ," ಎಂದಳು ಚಂದನ ಹೊರಗೆ ಬರುವಾಗ, "ನಾನು ಬರ್ದಿದ್ದಕ್ಕಿಂತ ಜಾಸ್ತಿ ನಕ್ಬಿಟ್ಟೆ ನೀನು." ಲಾಡ್ಜಿಗೆ ಹೋದವಳೇ, ಹೊಡೆದು ಹಾಕಿದ್ದ ಸಾಲನ್ನು ಅದರ ಮೇಲುಗಡೆ ಮತ್ತೊಮ್ಮೆ ಬರೆದಳು.

ಊರಿಗೆ ಬಂದಾಗ ಸುಶೀಲ ನನ್ನ ಸೀರೆಯನ್ನು ಒಗೆದು, ಮಡಿಸಿ, ಹೂವಿಟ್ಟು ಹಿಂದಿರುಗಿಸಿದಳು. ಮರ್ಯಾದೆ ಅವಳಿಗೂ ಇತ್ತಲ್ಲ! ಆ ಸಂಜೆ, ಮೈಗೆಲ್ಲ ಮೈಸೂರು ಮೆತ್ತಿಕೊಂಡು ಕುಳಿತ ನನ್ನನ್ನು ಚುಕ್ಕಿ ಮೂಸಿ ನೋಡಿ, ಯಾರವ್ವ ನೀನು ಎಂಬಂತೆ ಮುಖ ತಿರುಗಿಸಿದಳು. ಅವಳನ್ನು ಒಪ್ಪಿಸಲು ಅರ್ಧ ಗಂಟೆ ಬೆನ್ನು ನೀವಬೇಕಾಯಿತು.

ಇಷ್ಟು ನೆನಪು ಆ ಹಸಿರು ಸೀರೆಯ ಮಡಿಕೆಯಲ್ಲಿ ಬಂದಿತ್ತು. ಈಗ ಸುಶೀಲಳ ಮನೆಯಲ್ಲೂ ಒಂದು ಹಸು, ಅದೂ ಅವಳೊಬ್ಬಳಿಗೇ ಹಾಲು ಕೊಡುವ ಜಾತಿ. ಅಂದು ಕಂಕುಳಲ್ಲಿದ್ದ ಮಗನಿಗೆ ಹತ್ತು ವರ್ಷ, ಜಿರಾಫೆ ನೋಡಬೇಕಂತೆ. ಫೋನು ಮಾಡಿದೆ. "ಚೀಲ ಬಂತಾ?" ಎಂದಳು. "ಅದೇ ಇನ್ವಿಟೇಸನ್ನು ಕಣತ್ಗೆ. ನೀನ್ ಆಲ್ ಕರ್ಯಕ್ಕೆ ಬಂದ್ಮೇಲೆ ಒಗ್ದಿರೋದ್ ಕೊಟ್ಟಾಳು ಅಂತ ನಿಂಗೆ ಅನ್ಮಾನ ಬರ್ಬಾರ್ದು ನೋಡು."

ಚುಕ್ಕಿ ಈಗಿಲ್ಲ, ಕೊಟ್ಟಿಗೆಯಲ್ಲಿ ಅವಳ ಮಗಳು ಬೆಳ್ಳಿ ಇದ್ದಾಳೆ, ತಾಯಿಯ ಹಾಗೆಯೇ ನನ್ನ ಕೈಗಷ್ಟೇ ಹಾಲು ಕೊಡುವವಳು. ಇಂದು ಸುಶೀಲಳ ಊರಿಗೆ ಹೊರಡಬೇಕು ಎಂದು ಬೆಳಿಗ್ಗೆ ಬೆಳ್ಳಿಯ ಹಾಲು ಕರೆದು, ಸ್ನಾನ ಮುಗಿಸಿ, ಬಿಚ್ಚಿದ ಸೀರೆಯನ್ನು ಅಭ್ಯಾಸಬಲದಿಂದ ಬಕೆಟ್ಟಿನ ಮೇಲೆ ಹಿಡಿದಿದ್ದೆ. ಹಿಂದಿನಿಂದ ಯಾರೋ ಕೈ ಹಿಡಿದರು. ಚಂದನ. ಹಾಸನದಲ್ಲಿ ಡಿಗ್ರಿ ಓದುವವಳು, ರಜೆಗೆ ಬಂದಿದ್ದಾಳೆ.

"ಅಮ್ಮಾ! ನೀರಿಗೆ ಹಾಕ್ಬೇಡ. ನಂಗೆ ಬೇಕು."

ಸಂಜೆ ನಾನು ಬಸ್ಸಿಗೆ ಸಿದ್ಧಳಾಗಿ ಜಗಲಿಗೆ ಬಂದಾಗ ಅವಳು ಆ ಸೀರೆ ಉಟ್ಟು ನಿಂತಿದ್ದಳು. ನನಗಿಂತ ಉದ್ದ ಬೆಳೆದಿದ್ದಾಳೆ, ಕಣಕಾಲು ಕಾಣುತ್ತಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪಾತ್ರೆ ಎತ್ತಿಕೊಂಡು, "ಐದಾಯ್ತು. ನೀನು ಹೋಗು" ಎಂದಳು. ಕೊಟ್ಟಿಗೆಯ ಕಡೆಯಿಂದ "ಬೆಳ್ಳೀ, ಬಾವ್ವ" ಎಂದು ಕೇಳಿತು. ದನಿ ನನ್ನದೇ, ಅಲ್ಲ, ನನಗಿಂತ ಹಿಂದಿನದು, ಅರಕಲಗೂಡಿನ ನಮ್ಮಜ್ಜಿಯದು.

ಹೋದ ಸಲ ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದೆ. ಈ ಸಲ ನಿಲ್ಲಲಿಲ್ಲ. ಚೀಲ ಎತ್ತಿಕೊಂಡು ಗೇಟಿನ ಕಡೆ ಹೊರಟೆ. ಭಾರವಿತ್ತು. ಮೇಲೆ ಸುಶೀಲಳ ಸೀರೆ, ಅಡಿಯಲ್ಲಿ ಅವಳು ಮೈಸೂರಿಗೆ ಕೊಂಡೊಯ್ಯಲಿ ಎಂದು ನಾಲ್ಕು ತೆಂಗಿನಕಾಯಿ.